ಥೈರಾಯ್ಡ್ ನಾರ್ಮಲ್ ಅಂತ ಬಂದಿತ್ತು, ಆದ್ರೂ ಕೂದ್ಲು ಉದುರೋದು ನಿಲ್ಲಲಿಲ್ಲ: ದಾವಣಗೆರೆಯ ಒಂದು ಕೇಸು

ನಾನು ದಾವಣಗೆರೆಲಿ ಒಂದು ಲ್ಯಾಬ್‌ನಲ್ಲಿ ಟೆಕ್ನಿಷಿಯನ್, ಡಾಕ್ಟರ್ ಅಲ್ಲ, ಅದನ್ನ ಮೊದ್ಲೇ ಹೇಳ್ಬಿಡ್ತೀನಿ. ಕೂದ್ಲು ಉದುರುತ್ತೆ ಅಂತ ರಕ್ತ ಕೊಡೋಕೆ ಬರೋರು ವರ್ಷಪೂರ್ತಿ ಇರ್ತಾರೆ, ಆದ್ರೆ ಮಳೆಗಾಲದ ಜ್ವರಗಳೆಲ್ಲ ಮುಗಿದು ದೀಪಾವಳಿ ಹತ್ರ ಬಂದಾಗ ಸ್ವಲ್ಪ ಜಾಸ್ತಿ. ಅದ್ರಲ್ಲಿ ಈ ಒಂದು ಕೇಸು ಪೂರ್ತಿ ಬರೀಬೇಕು ಅನ್ಸಿದ್ದು ಯಾಕಂದ್ರೆ ಇದ್ರಲ್ಲಿ ಯಾರೂ ದಡ್ಡ ಕೆಲಸ ಮಾಡಿಲ್ಲ, ಸಲಹೆ ಕೊಟ್ಟೋರಲ್ಲಿ ಅರ್ಧ ಜನ ಸರಿಯಾಗೇ ಹೇಳಿದ್ರು, ಆದ್ರೂ ಆರೇಳು ತಿಂಗ್ಳು ಸುಮ್ನೆ ಹೋಯ್ತು. ಅವ್ರ ಒಪ್ಪಿಗೆ ತಗೊಂಡೇ ಬರೀತಿದೀನಿ. ವಯಸ್ಸು, ಕೆಲಸ, ಏರಿಯಾ ಸ್ವಲ್ಪ ಅದಲು ಬದಲು ಮಾಡೀನಿ, ಡಾಕ್ಟರ್ ಯಾರು ಕ್ಲಿನಿಕ್ ಯಾವ್ದು ಅಂತ ಕೇಳ್ಬೇಡಿ. ಅವ್ರನ್ನ ಇಲ್ಲಿ ಮೇಡಂ ಅಂತಷ್ಟೇ ಕರೀತೀನಿ.

ಶುರುವಾಗಿದ್ದು

ಮೇಡಂಗೆ 35ರ ಆಸುಪಾಸು, ಖಾಸಗಿ ಶಾಲೆಲಿ ಟೀಚರ್, ಇಬ್ರು ಮಕ್ಳು. ಚಿಕ್ಕೋನಿಗೇ ಐದು ವರ್ಷ, ಅಂದ್ರೆ ಬಾಣಂತಿ ಕೂದ್ಲು ಉದುರೋ ಕಾಲ ಯಾವತ್ತೋ ಮುಗಿದಿತ್ತು. ಆಗಸ್ಟ್‌ನಲ್ಲಿ ಡೆಂಗ್ಯೂ ಬಂತು, ಪ್ಲೇಟ್‌ಲೆಟ್ ಇಳೀತು, ನಾಲ್ಕೈದು ದಿನ ಅಡ್ಮಿಟ್ ಆದ್ರು, ಡ್ರಿಪ್ ಹಾಕಿಸ್ಕೊಂಡು ಮನೆಯೋರು ಕೊಟ್ಟ ಪಪ್ಪಾಯಿ ಎಲೆ ರಸನೂ ಕುಡ್ದು ಹೆಂಗೋ ಎದ್ದು ಕೂತ್ರು. ಸೆಪ್ಟೆಂಬರ್ ಕೊನೆಗೆ ಮನೆ ಬದಲಾಯಿಸಿದ್ರು. ಮೊದ್ಲು ಊರೊಳಗೆ ಇದ್ದಾಗ ಕಾರ್ಪೊರೇಷನ್ ನೀರು, ಈಗ ಶಾಮನೂರು ಕಡೆ ಹೊಸ ಲೇಔಟ್, ಅಲ್ಲಿ ಬರೀ ಬೋರ್ ನೀರು, ಬಕೆಟ್ ಅಂಚಿಗೆಲ್ಲ ಬಿಳಿ ಉಪ್ಪು ಕಟ್ಟೋ ಅಂಥದ್ದು. ನವೆಂಬರ್‌ನಲ್ಲಿ ದೀಪಾವಳಿ ಎಣ್ಣೆನೀರು ಹಾಕ್ಕೊಂಡ ದಿನ ಬಚ್ಚಲ ಜಾಲರಿ ಕಟ್ಕೊಂಡು ನೀರೇ ಹೋಗ್ಲಿಲ್ಲ, ಎತ್ತಿ ನೋಡಿದ್ರೆ ಹಿಡಿ ತುಂಬ ಕೂದ್ಲು.

ಮನೇಲಿ ಎಲ್ರೂ ಹಾಕಿದ ಲೆಕ್ಕ ಒಂದೇ: ಮನೆ ಬದಲಾಯ್ತು, ನೀರು ಬದಲಾಯ್ತು, ಕೂದ್ಲು ಹೋಯ್ತು. ಕೇಳೋಕೆ ಸರಿಯಾಗೇ ಇದೆ. ಆದ್ರೆ ಕೂದ್ಲಿನ ಕ್ಯಾಲೆಂಡರ್ ನಮ್ಮ ಕ್ಯಾಲೆಂಡರ್ ಥರ ನಡೆಯಲ್ಲ. ತಲೆಲಿ ಸುಮಾರು 1 ಲಕ್ಷ ಕೂದ್ಲು ಇರ್ತಾವೆ, ಒಂದೊಂದೂ 2ರಿಂದ 6 ವರ್ಷ ಬೆಳೆಯುತ್ತೆ, ಆಮೇಲೆ ಒಂದೆರಡು ವಾರ ಬೆಳೆಯೋದು ನಿಲ್ಸಿ, ಸುಮಾರು 3 ತಿಂಗ್ಳು ಸುಮ್ನೆ ರೆಸ್ಟ್‌ನಲ್ಲಿದ್ದು ಉದುರುತ್ತೆ. ಮಾಮೂಲಿ ಆರೋಗ್ಯವಂತರಿಗೂ ದಿನಕ್ಕೆ 50ರಿಂದ 100 ಹೋಗ್ತಾನೇ ಇರುತ್ತೆ. ದೊಡ್ಡ ಜ್ವರ, ಆಪರೇಷನ್, ಹೆರಿಗೆ, ಹೊಟ್ಟೆ ಕಟ್ಟಿ ಡಯೆಟ್ ಮಾಡೋದು, ಮನೇಲಿ ಯಾರಾದ್ರೂ ತೀರ್ಕೊಂಡು ತುಂಬಾ ಕುಗ್ಗಿ ಹೋಗೋದು, ಇಂಥದ್ದೇನಾದ್ರೂ ಆದ್ರೆ ಬೆಳೀತಿರೋ ಕೂದ್ಲಲ್ಲಿ ಒಂದು ದೊಡ್ಡ ಪಾಲು ಒಟ್ಟಿಗೆ ರೆಸ್ಟ್‌ಗೆ ಹೋಗ್ಬಿಡುತ್ತೆ, ಆವತ್ತು ಏನೂ ಗೊತ್ತಾಗಲ್ಲ, ಎರಡು ಮೂರು ತಿಂಗ್ಳಾದ್ಮೇಲೆ ಎಲ್ಲಾ ಒಟ್ಟಿಗೆ ಉದುರುತ್ತೆ. ಚರ್ಮದ ಡಾಕ್ಟರ್‌ಗಳು ಇದನ್ನ ಟೆಲೋಜನ್ ಎಫ್ಲೂವಿಯಂ ಅಂತಾರೆ. ಆಗಸ್ಟ್ ಜ್ವರಕ್ಕೆ ನವೆಂಬರ್ ಸರಿಯಾಗಿ ಕೂರುತ್ತೆ. ಆದ್ರೆ ಕೂದ್ಲು ಉದುರುವಾಗ ಜ್ವರ ಮರೆತು ಹೋಗಿರುತ್ತೆ, ಕಣ್ಣಿಗೆ ಕಾಣೋದು ಹೋದ ತಿಂಗ್ಳು ಆದದ್ದು, ನೀರೋ ಶಾಂಪೂನೋ ಹೆಲ್ಮೆಟ್ಟೋ, ಬೈಸ್ಕೊಳ್ಳೋದೂ ಅದೇ.

ಬೋರ್ ನೀರಿನ ಬಗ್ಗೆ ಇಲ್ಲೇ ಒಂದು ಮಾತು. ಗಡಸು ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಜಾಸ್ತಿ ಇರುತ್ತೆ, ಕೂದ್ಲು ಒರಟಾಗುತ್ತೆ, ಸಿಕ್ಕಾಗುತ್ತೆ, ಬಾಚುವಾಗ ನಡುವೆ ತುಂಡಾಗುತ್ತೆ, ಇದೆಲ್ಲ ನಿಜ. ಬುಡದಿಂದ ಕಿತ್ಕೊಂಡು ಬರೋದು ಬೇರೆ. ಮೇಡಂ ಬಚ್ಚಲಲ್ಲಿ ಎತ್ತಿಟ್ಟಿದ್ದ ಕೂದ್ಲಲ್ಲಿ ತುಂಡಾದವು ಕಡಿಮೆ, ಉದ್ದಕ್ಕೆ ಪೂರ್ತಿ ಇದ್ದು ತುದಿಲಿ ಬಿಳಿ ಚುಕ್ಕೆ ಇದ್ದವೇ ಜಾಸ್ತಿ. ಅದನ್ನ ನೋಡಿ ಅವ್ರ ಅತ್ತೆ "ಬೇರು ಸಮೇತ ಬರಾಕತ್ತೈತಿ, ಇನ್ನೇನ್ ಮತ್ತೆ ಹುಟ್ಟಾದು" ಅಂದಿದ್ರಂತೆ. ಆ ಬಿಳಿ ಗಂಟು ಬೇರಲ್ಲ, ರೆಸ್ಟ್ ಮುಗಿಸಿ ಬಿದ್ದ ಕೂದ್ಲಿನ ತುದಿ ಅಷ್ಟೇ, ಬೇರು ಚರ್ಮದೊಳಗೇ ಉಳ್ಕೊಂಡಿರುತ್ತೆ, ಅಲ್ಲಿಂದ್ಲೇ ಹೊಸದು ಬರುತ್ತೆ. ಇದೊಂದು ಗೊತ್ತಿದ್ದಿದ್ರೆ ಆ ಮನೆಯ ಅರ್ಧ ಗಾಬರಿ ಅವತ್ತೇ ಇಳೀತಿತ್ತು.

ಮನೆ ಮದ್ದು, ಸ್ಟಾಫ್ ರೂಂ ಮದ್ದು

ಶವರ್‌ಗೆ ಫಿಲ್ಟರ್ ಬಂತು. ಮೆಂತ್ಯ ಮೊಸರು, ದಾಸವಾಳದ ಎಲೆ, ಈರುಳ್ಳಿ ರಸ ಎಲ್ಲಾ ಆಯ್ತು, ಈರುಳ್ಳಿ ರಸಕ್ಕೆ ನೆತ್ತಿ ಉರಿದು ಕೆಂಪಾಗಿ ಹೊಟ್ಟು ಎದ್ದಿದ್ದಕ್ಕೆ ಅದನ್ನ ಬಿಟ್ರು. ರೀಲ್ಸ್‌ನಲ್ಲಿ ಮಂಡಿವರೆಗೆ ಕೂದ್ಲು ಬಿಟ್ಕೊಂಡು ತೋರಿಸ್ತಾರಲ್ಲ ಆ ಥರದ ಎಣ್ಣೆ ಒಂದು ಕೊರಿಯರ್‌ನಲ್ಲಿ ಬಂತು. ಎಣ್ಣೆ ಹಚ್ಚೋದು ತಪ್ಪಲ್ಲ, ಕೊಬ್ರಿ ಎಣ್ಣೆ ಕೂದ್ಲ ಎಳೆನ ಕಾಪಾಡುತ್ತೆ, ತುಂಡಾಗೋದು ಕಡಿಮೆ ಮಾಡುತ್ತೆ, ಆದ್ರೆ ಬುಡದಲ್ಲಿ ರೆಸ್ಟ್‌ಗೆ ಹೋದ ಕೂದ್ಲನ್ನ ಎಬ್ಬಿಸೋ ಶಕ್ತಿ ಅದಕ್ಕಿಲ್ಲ. ಅತ್ತೆ ತಿರುಪತಿಗೆ ಮುಡಿ ಹರಕೆ ಹೊತ್ಕೋ, ದಟ್ಟಗೆ ಬರುತ್ತೆ ಅಂದ್ರು. ಹರಕೆ ಅವ್ರವ್ರ ಭಕ್ತಿ, ಅದಕ್ಕೆ ನಾನೇನೂ ಅನ್ನಲ್ಲ, ಆದ್ರೆ ಬೋಳಿಸಿದ್ರೆ ಬುಡಗಳ ಸಂಖ್ಯೆ ಜಾಸ್ತಿ ಆಗಲ್ಲ, ಮೊಂಡು ತುದಿ ಬರೋದ್ರಿಂದ ದಪ್ಪ ಅನ್ಸುತ್ತೆ ಅಷ್ಟೇ.

ಇವ್ಯಾವೂ ಕೇಸ್‌ನ ಹಾಳು ಮಾಡ್ಲಿಲ್ಲ. ಹಾಳು ಮಾಡಿದ್ದು ಎಲ್ಲಕ್ಕಿಂತ ಸಭ್ಯವಾಗಿ ಕಾಣ್ತಿದ್ದ ಒಂದು ಡಬ್ಬಿ. ಡಿಸೆಂಬರ್‌ನಲ್ಲಿ ಸ್ಟಾಫ್ ರೂಂನಲ್ಲಿ ಒಬ್ರು ಬಯೋಟಿನ್ ಮಾತ್ರೆ ಹೇಳಿದ್ರು, 10 ಮಿಲಿಗ್ರಾಂದು, ಚೀಟಿ ಬೇಡ, ಯಾವ ಮೆಡಿಕಲ್‌ನಲ್ಲಾದ್ರೂ ಸಿಗುತ್ತೆ, ವಿಟಮಿನ್ ತಾನೇ ಏನಾಗುತ್ತೆ ಅಂತ. ಮೇಡಂ ದಿನಾ ಬೆಳಿಗ್ಗೆ ತಪ್ಪದೆ ತಗೊಂಡ್ರು. ನಮ್ಮ ದಿನದ ಅಗತ್ಯ ಮೈಕ್ರೋಗ್ರಾಂ ಲೆಕ್ಕದಲ್ಲಿ, ದೊಡ್ಡೋರಿಗೆ 30 ಮೈಕ್ರೋಗ್ರಾಂ ಆದ್ರೆ ಸಾಕು, ಊಟದಲ್ಲೇ ಬಂದ್ಬಿಡುತ್ತೆ. ಕೊರತೆ ಇಲ್ಲದೋರಿಗೆ ಇದು ಕೂದ್ಲು ಬೆಳೆಸುತ್ತೆ ಅನ್ನೋಕೆ ಗಟ್ಟಿ ಪುರಾವೆನೂ ಇಲ್ಲ.

ಮೊದ್ಲ ರಿಪೋರ್ಟು

ಜನವರಿಲಿ ಮನೆ ಹತ್ರದ ಡಾಕ್ಟರ್ ಹತ್ರ ಹೋದ್ರು. ಅವ್ರು ಡೆಂಗ್ಯೂ ಕಥೆ ಕೇಳಿದ ಕೂಡ್ಲೇ ಸರಿಯಾಗಿ ಹಿಡಿದ್ರು, ಇದು ಜ್ವರದ ನಂತರದ ಉದುರುವಿಕೆ, ಸಾಮಾನ್ಯವಾಗಿ ಆರು ತಿಂಗ್ಳೊಳಗೆ ತಾನಾಗೇ ನಿಲ್ಲುತ್ತೆ, ಗಾಬರಿ ಬೇಡ ಅಂದ್ರು. ಜೊತೆಗೆ ಹಿಮೋಗ್ಲೋಬಿನ್, ಥೈರಾಯ್ಡ್ ನೋಡೋ ಟಿಎಸ್‌ಎಚ್ ಟೆಸ್ಟ್ ಬರೆದುಕೊಟ್ರು (ಥೈರಾಯ್ಡ್ ಮಂದ ಆದ್ರೆ ಟಿಎಸ್‌ಎಚ್ ಏರುತ್ತೆ). ಒಂದು ಲ್ಯಾಬ್‌ನಲ್ಲಿ ಕೊಟ್ರು, ನಮ್ಮದಲ್ಲ. ಹಿಮೋಗ್ಲೋಬಿನ್ 10.1, ಹೆಂಗಸ್ರಿಗೆ 12 ಇರ್ಬೇಕು. ಟಿಎಸ್‌ಎಚ್ 3.8, ಅಂದ್ರೆ ನಾರ್ಮಲ್ ಅಂತ ಕೊಟ್ಟಿರೋ ರೇಂಜ್ ಒಳಗೇ. ಥೈರಾಯ್ಡ್ ಇಲ್ಲ, ರಕ್ತ ಸ್ವಲ್ಪ ಕಡಿಮೆ ಇದೆ ಅಂತ ಐರನ್ ಮಾತ್ರೆ ಕೊಟ್ರು. ಮಾತ್ರೆಗೆ ಮಲಬದ್ಧತೆ ಆಗಿ, ಕಪ್ಪಗೆ ಹೋಗ್ತಿದೆ ಅಂತ ಹೆದ್ರಿ, ಮೂರು ವಾರಕ್ಕೆ ನಿಲ್ಲಿಸಿದ್ರು. ಕಪ್ಪಗೆ ಹೋಗೋದು ಐರನ್‌ಗೆ ಮಾಮೂಲಿ ಅಂತ ಯಾರೂ ಮೊದ್ಲೇ ಹೇಳಿರ್ಲಿಲ್ಲ.

ಹಿಮೋಗ್ಲೋಬಿನ್ ಯಾಕೆ 10ಕ್ಕೆ ಇಳೀತು ಅನ್ನೋದನ್ನೂ ಯಾರೂ ಕೇಳ್ಲಿಲ್ಲ, ಮೇಡಂ ತಾವಾಗೇ ಹೇಳ್ಲೂ ಇಲ್ಲ. ಒಂದೂವರೆ ವರ್ಷದಿಂದ ಮುಟ್ಟು ಏಳೆಂಟು ದಿನ ಹೋಗ್ತಿತ್ತು, ಮೊದಲೆರಡು ದಿನ ಕ್ಲಾಸ್‌ನಲ್ಲಿ ನಿಂತ್ಕೊಳ್ಳೋಕೂ ಕಷ್ಟ. ಕೂದ್ಲ ವಿಷಯಕ್ಕೆ ಹೋದಾಗ ಅದನ್ನ ಯಾಕೆ ಹೇಳ್ಬೇಕು ಅಂತ ಅವ್ರ ಯೋಚನೆ. ನನಗೆ ಅನ್ಸೋ ಹಾಗೆ ಹತ್ತರಲ್ಲಿ ಒಂಬತ್ತು ಜನ ಹಂಗೇ ಯೋಚ್ನೆ ಮಾಡ್ತಾರೆ, ತಲೆ ತೋರ್ಸೋಕೆ ಹೋದೋರು ತಲೆ ಬಗ್ಗೆ ಮಾತ್ರ ಮಾತಾಡ್ತಾರೆ.

ಜಾತ್ರೆ ಹೊತ್ತಿಗೆ

ಮಾರ್ಚ್‌ನಲ್ಲಿ ದುಗ್ಗಮ್ಮನ ಜಾತ್ರೆಗೆ ನೆಂಟ್ರೆಲ್ಲ ಬಂದಾಗ ನೋಡಿದೋರೆಲ್ಲ "ಏನ್ರೀ ಜಡೆ ಇಷ್ಟು ಸಣ್ಣ ಆಗೈತಿ" ಅನ್ನೋರೇ. ಜ್ವರ ಹೋಗಿ ಏಳು ತಿಂಗ್ಳು, ಡಾಕ್ಟರ್ ಹೇಳಿದ್ದ ಗಡುವಿನ ಪ್ರಕಾರ ಇಷ್ಟೊತ್ತಿಗೆ ತಗ್ಗಬೇಕಿತ್ತು, ತಗ್ಗಿರ್ಲಿಲ್ಲ. ಮೊದ್ಲ ವಿವರಣೆ ಸುಳ್ಳಲ್ಲ, ಡೆಂಗ್ಯೂ ಕೂದ್ಲು ಉದುರಿಸಿದ್ದು ನಿಜಾನೇ, ಆದ್ರೆ ಅದ್ರ ಕಾಲಾವಧಿ ಮುಗಿದ್ಮೇಲೂ ನಡೀತಿದೆ ಅಂದ್ರೆ ಹಿಂದೆ ಇನ್ನೇನೋ ತಳ್ತಿದೆ ಅಂತ ಅರ್ಥ. ಈ ಹಂತದಲ್ಲೇ ವಾಪಸ್ ಡಾಕ್ಟರ್ ಹತ್ರ ಹೋಗಬೇಕಿತ್ತು. ಹೋಗಿದ್ದು ಜಾಹೀರಾತು ನೋಡಿ ಒಂದು ಹೇರ್ ಕ್ಲಿನಿಕ್‌ಗೆ.

ಅಲ್ಲಿ ಎಸಿ ರೂಮು, ತಲೆಗೆ ಕ್ಯಾಮೆರಾ ಇಟ್ಟು ದೊಡ್ಡ ಟಿವಿಲಿ ತೋರ್ಸಿದ್ರು, ಆ ಸೈಜಲ್ಲಿ ನೋಡಿದ್ರೆ ಯಾರ ನೆತ್ತಿಯಾದ್ರೂ ಬಯಲುಸೀಮೆ ಥರಾನೇ ಕಾಣುತ್ತೆ. ಮಾತಾಡಿದ್ದು ಕೌನ್ಸಿಲರ್, ಡಾಕ್ಟರ್ ಅಲ್ಲ. ಪಿಆರ್‌ಪಿ ಆರು ಸಿಟ್ಟಿಂಗ್, ಸೀರಮ್, ಲೇಸರ್ ಕ್ಯಾಪ್ ಎಲ್ಲಾ ಸೇರಿ 40 ಸಾವಿರದ ಹತ್ರ ಪ್ಯಾಕೇಜು, ಇವತ್ತೇ ಬುಕ್ ಮಾಡಿದ್ರೆ ಡಿಸ್ಕೌಂಟು. ಪಿಆರ್‌ಪಿ ಮೋಸ ಅಂತ ನಾನು ಹೇಳಲ್ಲ, ನಮ್ಮದೇ ರಕ್ತ ತೆಗೆದು ಪ್ಲೇಟ್‌ಲೆಟ್ ಭಾಗ ಬೇರ್ಪಡಿಸಿ ನೆತ್ತಿಗೆ ಚುಚ್ಚೋದು, ವಂಶಪಾರಂಪರ್ಯವಾಗಿ ತೆಳ್ಳಗಾಗೋ ಕೂದ್ಲಿಗೆ ಚರ್ಮದ ಡಾಕ್ಟರ್‌ಗಳೂ ಮಾಡ್ತಾರೆ. ಆದ್ರೆ ಯಾಕೆ ಉದುರ್ತಿದೆ ಅಂತ ಗೊತ್ತಾಗದೆ, ಹಿಮೋಗ್ಲೋಬಿನ್ 10 ಇರೋರಿಗೆ, ಮುಟ್ಟಿನ ಬಗ್ಗೆ ಒಂದು ಪ್ರಶ್ನೆ ಕೇಳದೆ ಆರು ಸಿಟ್ಟಿಂಗ್ ಮಾರೋದು ಚಿಕಿತ್ಸೆ ಅಲ್ಲ, ವ್ಯಾಪಾರ.

ಮೇಡಂ ಅಡ್ವಾನ್ಸ್ ಕೊಡೋಕೆ ಮನಸ್ಸು ಮಾಡಿದ್ರು. ಅವ್ರ ಯಜಮಾನ್ರು ತಡೆದ್ರು, ಏನೋ ದೊಡ್ಡ ತಿಳುವಳಿಕೆಯಿಂದ ಅಲ್ಲ, ಅವತ್ತು ದುಡ್ಡಿರ್ಲಿಲ್ಲ ಅಷ್ಟೇ. ಮೊದ್ಲು ಒಂದ್ಸಲ ಸ್ಕಿನ್ ಡಾಕ್ಟರ್‌ಗೆ ತೋರ್ಸೋಣ, ಅವ್ರೂ ಇದನ್ನೇ ಹೇಳಿದ್ರೆ ಸಾಲ ಮಾಡಿಯಾದ್ರೂ ಮಾಡ್ಸೋಣ ಅಂದ್ರಂತೆ. ಈ ಕೇಸ್‌ನಲ್ಲಿ ಅತ್ಯಂತ ಉಪಯೋಗಕ್ಕೆ ಬಂದ ತೀರ್ಮಾನ ಅದೇ.

ಚೀಲ ಮತ್ತು ಹುಬ್ಬು

ನಮ್ಮ ಊರಲ್ಲಿ ಇದಕ್ಕೆ ಬೆಂಗಳೂರಿಗೆ ಓಡಬೇಕಾಗಿಲ್ಲ. ಎರಡು ಮೆಡಿಕಲ್ ಕಾಲೇಜ್ ಇದಾವೆ, ಎರಡರಲ್ಲೂ ಚರ್ಮರೋಗ ವಿಭಾಗ ಇದೆ, ಜಿಲ್ಲಾ ಆಸ್ಪತ್ರೆ ಇದೆ, ಪ್ರೈವೇಟ್‌ನಲ್ಲಿ ಚರ್ಮರೋಗದಲ್ಲಿ ಎಂಡಿ ಇಲ್ಲಾ ಡಿಡಿವಿಎಲ್ ಡಿಪ್ಲೊಮಾ ಓದಿದೋರು ಬೇಕಾದಷ್ಟಿದಾರೆ. ಬೋರ್ಡ್ ಮೇಲೆ ಡಿಗ್ರಿ ಜೊತೆ ಕೆಎಂಸಿ (ಕರ್ನಾಟಕ ಮೆಡಿಕಲ್ ಕೌನ್ಸಿಲ್) ನೋಂದಣಿ ನಂಬರ್ ಇದೆಯಾ ನೋಡಿ, ಇಲ್ದಿದ್ರೆ ಕೇಳಿ, ಕೇಳಿದ್ರೆ ಯಾವ ಒಳ್ಳೆ ಡಾಕ್ಟರೂ ಬೇಜಾರು ಮಾಡ್ಕೊಳ್ಳಲ್ಲ. ಮೇಡಂಗೆ ಅಪಾಯಿಂಟ್‌ಮೆಂಟ್ ಕೊಡುವಾಗಲೇ ಫೋನ್‌ನಲ್ಲಿ ಎರಡು ಮಾತು ಹೇಳಿದ್ರು: ಹಿಂದಿನ ದಿನ ತಲೆಗೆ ಸ್ನಾನ ಮಾಡ್ಬೇಡಿ, ತಲೆಗೆ ಹಚ್ಚೋದು ಬಾಯಿಗೆ ಹಾಕೋದು ಏನೇನಿದೆ ಎಲ್ಲಾ ಒಂದು ಚೀಲಕ್ಕೆ ತುಂಬ್ಕೊಂಡು ಬನ್ನಿ.

ಡಾಕ್ಟರ್ ಮೊದ್ಲು ಕೂದ್ಲು ಮುಟ್ಲೇ ಇಲ್ಲ. ಯಾವಾಗ ಶುರುವಾಯ್ತು, ಅದಕ್ಕೆ ಮೂರು ತಿಂಗ್ಳು ಹಿಂದೆ ಏನಾಗಿತ್ತು, ಮುಟ್ಟು ಹೇಗಿದೆ, ತೂಕ ಏನಾಯ್ತು, ಚಳಿ ತಡ್ಕೊಳ್ತೀರಾ, ಅಮ್ಮನಿಗೆ ಚಿಕ್ಕಮ್ಮಂದಿರಿಗೆ ಬೈತಲೆ ಅಗಲ ಇದೆಯಾ, ಇದೇ ಕೇಳಿದ್ರು. ಆಮೇಲೆ ಒಂದು 50-60 ಕೂದ್ಲು ಹಿಡ್ಕೊಂಡು ಬುಡದಿಂದ ತುದಿಗೆ ಮೆಲ್ಲಗೆ ಎಳೆದ್ರು, ಹಿಂದೆ ಮುಂದೆ ಪಕ್ಕ ಎಲ್ಲಾ ಕಡೆಯಿಂದ್ಲೂ ಏಳೆಂಟು ಕೂದ್ಲು ಕೈಗೆ ಬಂತು, ಅಂದ್ರೆ ಉದುರೋದು ಇನ್ನೂ ಜೋರಾಗೇ ಇದೆ ಮತ್ತು ಇಡೀ ತಲೆಯಿಂದ ಇದೆ. ಡರ್ಮೋಸ್ಕೋಪ್ ಅನ್ನೋ ಚರ್ಮ ದೊಡ್ಡದಾಗಿ ತೋರ್ಸೋ ಲೆನ್ಸ್ ಇಟ್ಟು ನೆತ್ತಿ ನೋಡಿದ್ರು. ಅವ್ರು ಇಲ್ಲ ಅಂತ ಖಾತ್ರಿ ಮಾಡ್ಕೊಂಡಿದ್ದು ಏನೇನು ಅಂತ ಮೇಡಂ ಆಮೇಲೆ ಕೇಳಿ ತಿಳ್ಕೊಂಡಿದ್ರು. ನಾಣ್ಯದಷ್ಟು ಗುಂಡಗೆ ನುಣ್ಣಗೆ ಬೋಳಾಗಿರೋದು ಎಲ್ಲೂ ಇಲ್ಲ. ನಮ್ಮ ಕಡೆ ಅದನ್ನ ಹುಳ ತಿಂದೈತಿ ಅಂತಾರೆ, ಹುಳ ಗಿಳ ಏನೂ ಅಲ್ಲ, ನಮ್ಮ ರೋಗನಿರೋಧಕ ಶಕ್ತಿನೇ ಕೂದ್ಲ ಬುಡದ ಮೇಲೆ ಬೀಳೋದು. ಹೊಟ್ಟು ಎದ್ದು ಕೂದ್ಲು ಮೊಂಡಾಗಿ ಮುರಿದಿರೋ ಫಂಗಸ್ ಇಲ್ಲ, ಅದು ಮಕ್ಕಳಲ್ಲಿ ಜಾಸ್ತಿ, ಬರೀ ಮುಲಾಮಿಗೆ ಹೋಗಲ್ಲ, ಬಾಯಿಗೆ ಮಾತ್ರೆ ಬೇಕು. ಬಿಗಿ ಜಡೆ ಎಳೆದು ಹಣೆಯ ಅಂಚು ಹಿಂದೆ ಸರಿದಿಲ್ಲ. ಮುಖ್ಯವಾಗಿ ಕಲೆ ಬೀಳಿಸೋ ಜಾತಿ ಇಲ್ಲ. ಅದ್ರಲ್ಲಿ ಕೂದ್ಲ ರಂಧ್ರಾನೇ ಮುಚ್ಚಿ ಚರ್ಮ ಹೊಳೆಯುತ್ತೆ, ಉರಿ ತುರಿಕೆ ಇರುತ್ತೆ, ಹೋದ ಕೂದ್ಲು ವಾಪಸ್ ಬರಲ್ಲ, ತಡ ಮಾಡಿದಷ್ಟೂ ನಷ್ಟ, ಕೆಲವೊಮ್ಮೆ ಒಂದು ಸಣ್ಣ ಚೂರು ಚರ್ಮ ತೆಗೆದು ಬಯಾಪ್ಸಿಗೆ ಕಳಿಸಬೇಕಾಗುತ್ತೆ. ಉರಿ, ಕೀವು, ಹೊಳೆಯೋ ಬೋಳು, ಗುಂಡನೆ ಪ್ಯಾಚು, ಮಗುವಿನ ತಲೆಲಿ ಹೊಟ್ಟು, ಇವುಗಳಲ್ಲಿ ಒಂದು ಇದ್ರೂ ಎಣ್ಣೆ ಹಚ್ಕೊಂಡು ಕೂರೋ ಕೇಸಲ್ಲ.

ಇದ್ದದ್ದು ಏನು ಅಂದ್ರೆ, ಬೈತಲೆ ಹಿಂಭಾಗಕ್ಕಿಂತ ನೆತ್ತಿ ಮೇಲೆ ಅಗಲ ಇತ್ತು, ಅಲ್ಲಿ ದಪ್ಪ ಕೂದ್ಲು ಪಕ್ಕದಲ್ಲೇ ನೂಲಿನಂಥ ಸಣ್ಣ ಕೂದ್ಲು. ಹೆಂಗಸ್ರಲ್ಲಿ ವಂಶದಿಂದ ಬರೋ ತೆಳುವಾಗುವಿಕೆಯ ಮೊದ್ಲ ಹಂತ ಅದು. ಅಮ್ಮನಿಗೂ ಇತ್ತು, ಸೆರಗು ಹೊದ್ಕೊಂಡು ಯಾರಿಗೂ ಕಾಣ್ತಿರ್ಲಿಲ್ಲ ಅಷ್ಟೇ.

ಆದ್ರೆ ತಿರುವು ಸಿಕ್ಕಿದ್ದು ತಲೆಲಿ ಅಲ್ಲ, ಹುಬ್ಬಲ್ಲಿ. ಹೊರಗಿನ ಮೂರನೇ ಒಂದು ಭಾಗ ಹೆಚ್ಚೂಕಡಿಮೆ ಖಾಲಿ. ಮೇಡಂ ಅದು ಥ್ರೆಡಿಂಗ್‌ನಿಂದ ಅಂದ್ಕೊಂಡಿದ್ರು, ಪಾರ್ಲರ್ ಹುಡುಗಿನೂ ಒಂದು ವರ್ಷದಿಂದ "ಅಕ್ಕ ಕೊನೆಗೆ ಕೂದ್ಲೇ ಇಲ್ಲ, ಪೆನ್ಸಿಲ್ ಹಾಕ್ಕೊಳಿ" ಅಂತಿದ್ಲಂತೆ. ಹುಬ್ಬಿನ ತುದಿ ತೆಳ್ಳಗಾಗೋದು, ಚರ್ಮ ಒಣಗೋದು, ಮುಟ್ಟು ಜಾಸ್ತಿ ಹೋಗೋದು, ಸುಸ್ತು, ನಾಲ್ಕು ಕೆಜಿ ತೂಕ ಏರಿರೋದು, ಎಲ್ಲಾ ಥೈರಾಯ್ಡ್ ಕಡೆ ಕೈ ತೋರಿಸ್ತಿದಾವೆ, ಕೈಯಲ್ಲಿರೋ ರಿಪೋರ್ಟ್ ಮಾತ್ರ ನಾರ್ಮಲ್ ಅಂತಿದೆ. ಡಾಕ್ಟರ್ ಮಾತ್ರೆ ಏನಾದ್ರೂ ತಗೊಳ್ತೀರಾ ಅಂದಾಗ ಇಲ್ಲ ಅಂದಿದ್ರು ಮೇಡಂ. ವಿಟಮಿನ್‌ನ ಮಾತ್ರೆ ಲೆಕ್ಕಕ್ಕೆ ಸೇರಿಸೋ ಅಭ್ಯಾಸ ನಮ್ಮಲ್ಲಿ ಯಾರಿಗೂ ಇಲ್ಲ. ಚೀಲ ಟೇಬಲ್ ಮೇಲೆ ಸುರಿದಾಗ ಎಣ್ಣೆ ಬಾಟ್ಲಿಗಳ ನಡುವಿಂದ ಬಯೋಟಿನ್ ಡಬ್ಬಿ ಬಂತು, ಡಾಕ್ಟರ್ ಅದನ್ನ ಎತ್ತಿ ಎಂಜಿ ಓದಿ, ರಿಪೋರ್ಟ್ ಮಡಚಿ ಪಕ್ಕಕ್ಕಿಟ್ರಂತೆ.

ಎರಡನೇ ರಿಪೋರ್ಟು

ಇಲ್ಲಿಂದ ನಾನು ಕಥೆಯೊಳಗೆ ಬರ್ತೀನಿ. ನನ್ನ ಕೈಗೆ ಬಂದ ಚೀಟಿ ಮೇಲೆ ಟೆಸ್ಟ್‌ಗಳ ಕೆಳಗೆ ಒಂದು ಸಾಲು ಬರೆದಿತ್ತು: ಬಯೋಟಿನ್ ನಿಲ್ಲಿಸಿ ಪೂರ್ತಿ ಮೂರು ದಿನ ಆದ್ಮೇಲೆ ಸ್ಯಾಂಪಲ್.

ಇದ್ರ ಒಳಗುಟ್ಟು ಹಿಂಗಿದೆ. ಥೈರಾಯ್ಡ್ ಅಳೆಯೋ ಬಹಳಷ್ಟು ಮೆಷಿನ್‌ಗಳ ಕಿಟ್‌ನಲ್ಲೇ ಬಯೋಟಿನ್ ಇರುತ್ತೆ, ಅದು ಸ್ಟ್ರೆಪ್ಟಾವಿಡಿನ್ ಅನ್ನೋ ಪ್ರೋಟೀನಿಗೆ ಗಟ್ಟಿಯಾಗಿ ಅಂಟ್ಕೊಳ್ಳುತ್ತೆ, ಆ ಅಂಟನ್ನೇ ಉಪಯೋಗಿಸ್ಕೊಂಡು ಮೆಷಿನ್ ಹಾರ್ಮೋನನ್ನ ಹಿಡಿದು ಎಣಿಸುತ್ತೆ. ರೋಗಿಯ ರಕ್ತದಲ್ಲೇ ಬೇಕಾದಷ್ಟು ಬಯೋಟಿನ್ ತೇಲ್ತಿದ್ರೆ ಅಂಟೋ ಜಾಗನೆಲ್ಲ ಅದೇ ಹಿಡ್ಕೊಂಡ್ಬಿಡುತ್ತೆ. ಆಗ ಟಿಎಸ್‌ಎಚ್ ಇರೋದಕ್ಕಿಂತ ಕಡಿಮೆ ತೋರಿಸುತ್ತೆ, ಥೈರಾಯ್ಡ್ ಗ್ರಂಥಿ ಬಿಡೋ ಹಾರ್ಮೋನುಗಳಾದ ಟಿ3 ಟಿ4 ಅಳೆಯೋ ರೀತಿ ಉಲ್ಟಾ ಆಗಿರೋದ್ರಿಂದ ಅವು ಜಾಸ್ತಿ ತೋರಿಸ್ತಾವೆ. ಮಾತ್ರೆ ನುಂಗಿ ಒಂದೆರಡು ಗಂಟೆಲಿ ರಕ್ತ ಕೊಟ್ರೆ ಪರಿಣಾಮ ಜಾಸ್ತಿ. ಎಲ್ಲಾ ಮೆಷಿನ್‌ನಲ್ಲೂ ಹಿಂಗಾಗಲ್ಲ, ಹೊಸ ಕಿಟ್‌ಗಳು ತಡ್ಕೊಳ್ಳೋ ಹಾಗೆ ಬಂದಿದಾವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು, ಹೃದಯಾಘಾತದಲ್ಲಿ ಮಾಡೋ ಟ್ರೋಪೋನಿನ್ ಟೆಸ್ಟ್ ಕೂಡ ಸುಳ್ಳಾಗಿ ಕಡಿಮೆ ಬರಬಹುದು ಅಂತ. ಅಷ್ಟಾದ್ರೂ ನಮ್ಮ ಕೌಂಟರ್‌ಗೆ ಬರೋರು ಇದನ್ನ ಕೇಳಿರೋದೇ ಅಪರೂಪ.

ಮೂರು ದಿನ ಬಿಟ್ಟು ತೆಗೆದ ಸ್ಯಾಂಪಲ್‌ನಲ್ಲಿ ಟಿಎಸ್‌ಎಚ್ 9.4, ಫ್ರೀ ಟಿ4 ಕಡಿಮೆ, ಆಂಟಿ ಟಿಪಿಓ ಪಾಸಿಟಿವ್, ಅಂದ್ರೆ ರೋಗನಿರೋಧಕ ಶಕ್ತಿನೇ ಥೈರಾಯ್ಡ್ ಮೇಲೆ ಬೀಳ್ತಿರೋ ಗುರುತು. ಫೆರಿಟಿನ್, ಅಂದ್ರೆ ಮೈಯಲ್ಲಿ ಕೂಡಿಟ್ಟಿರೋ ಕಬ್ಬಿಣದ ಲೆಕ್ಕ, 9. ಇದನ್ನ ಡೆಂಗ್ಯೂ ಟೈಮ್‌ನಲ್ಲೇ ಮಾಡಿದ್ರೆ ಉಪಯೋಗ ಇರ್ತಿರ್ಲಿಲ್ಲ, ಜ್ವರ ಉರಿಯೂತ ಇದ್ದಾಗ ಫೆರಿಟಿನ್ ತಾನೇ ಏರಿ ಕೂತಿರುತ್ತೆ. ಈಗ ಒಂದಕ್ಕೊಂದು ಕೊಂಡಿ ಕೂಡ್ತು: ಥೈರಾಯ್ಡ್ ಮಂದ, ಅದರಿಂದ ಮುಟ್ಟು ಜಾಸ್ತಿ, ಅದರಿಂದ ಕಬ್ಬಿಣ ಖಾಲಿ, ಇವೆರಡೂ ಕೂದ್ಲನ್ನ ರೆಸ್ಟ್‌ಗೆ ತಳ್ಳೋವೇ, ಮೇಲಿಂದ ಡೆಂಗ್ಯೂ ಬಂದು ಒಂದೇ ಸಲಕ್ಕೆ ಉದುರಿಸಿ ಎಲ್ಲರ ಕಣ್ಣಿಗೆ ಬೀಳೋ ಹಾಗೆ ಮಾಡ್ತು, ಕೂದ್ಲು ಕಡಿಮೆ ಆದಾಗ ಕೆಳಗಿದ್ದ ವಂಶದ ಬೈತಲೆ ಹೊರಗೆ ಕಾಣ್ತು. ಯಾವ ಒಂದು ಕಾರಣನೂ ಸುಳ್ಳಲ್ಲ, ಯಾವ ಒಂದೂ ಪೂರ್ತಿನೂ ಅಲ್ಲ.

ಚಹಾ ಜೊತೆ ನಿಂತ ಆರು ವಾರ

ಫಿಸಿಷಿಯನ್ ಥೈರಾಕ್ಸಿನ್ ಅನ್ನೋ ಥೈರಾಯ್ಡ್ ಹಾರ್ಮೋನ್ ಮಾತ್ರೆ 50 ಮೈಕ್ರೋಗ್ರಾಂ ಶುರು ಮಾಡಿದ್ರು, ಸ್ತ್ರೀರೋಗ ತಜ್ಞರು ಸ್ಕ್ಯಾನ್ ಮಾಡಿ ಗಡ್ಡೆ ಏನಿಲ್ಲ ಅಂದ್ರು, ಐರನ್ ಬೇರೆ ಜಾತಿದು ಕೊಟ್ರು, ದಿನ ಬಿಟ್ಟು ದಿನ. ಕೂದ್ಲಿಗೆ ಅಂತ ನೇರವಾಗಿ ಏನೂ ಕೊಡ್ಲಿಲ್ಲ. ತಲೆಗೆ ಹಚ್ಚಿ ಕೂದ್ಲು ಬೆಳೆಸೋ ಔಷಧ ಮಿನಾಕ್ಸಿಡಿಲ್ ಈಗ್ಲೇ ಹಚ್ಚೋಣ್ವಾ ಅಂತ ಮೇಡಂ ಕೇಳಿದ್ದಕ್ಕೆ ಸ್ಕಿನ್ ಡಾಕ್ಟರ್ ಬೇಡ ಅಂದ್ರು. ಅದು ಹಚ್ಚಿದ ಮೊದಲೆರಡು ತಿಂಗ್ಳಲ್ಲಿ ಹಳೇ ಕೂದ್ಲು ಇನ್ನಷ್ಟು ಉದುರುತ್ತೆ, ಈಗಿರೋ ಉದುರುವಿಕೆ ಮೇಲೆ ಅದೂ ಸೇರಿದ್ರೆ ಯಾವ್ದು ಯಾವ್ದರಿಂದ ಅಂತ ಯಾರಿಗೂ ಗೊತ್ತಾಗಲ್ಲ, ನೀವು ಹೆದ್ರಿ ಎಲ್ಲಾ ಬಿಟ್ಬಿಡ್ತೀರ ಅಂತ. ಕೆಲವ್ರು ಮೊದ್ಲ ದಿನಾನೇ ಶುರು ಮಾಡ್ತಾರೆ, ಅದೂ ತಪ್ಪಲ್ಲ, ಆದ್ರೆ ಈ ರೋಗಿಗೆ ಈ ನಿರ್ಧಾರ ಸರಿಯಾಗಿತ್ತು ಅಂತ ನನ್ನ ಅನಿಸಿಕೆ.

ಆರು ವಾರಕ್ಕೆ ಮತ್ತೆ ಸ್ಯಾಂಪಲ್ ತಗೊಂಡ್ರೆ ಟಿಎಸ್‌ಎಚ್ 8.7. ಅಂದ್ರೆ ಅಲ್ಲಾಡೇ ಇಲ್ಲ. ಡೋಸ್ ಏರಿಸೋ ಮುಂಚೆ ಫಿಸಿಷಿಯನ್ ಹೆಂಗೆ ತಗೊಳ್ತೀರ ಹೇಳಿ ಅಂದ್ರು. ಬೆಳಿಗ್ಗೆ ಐದೂವರೆಗೆ ಎದ್ದು ಒಲೆ ಹಚ್ಚಿ, ಮೊದ್ಲ ಚಹಾ ಕುಡೀತಾ, ಮರೆತು ಹೋಗಬಾರದು ಅಂತ ಎರಡೂ ಮಾತ್ರೆ ಒಟ್ಟಿಗೆ ನುಂಗ್ತಿದ್ರು. ಕಬ್ಬಿಣ ಹೊಟ್ಟೆಲೇ ಥೈರಾಕ್ಸಿನ್‌ನ ಹಿಡ್ಕೊಂಡು ಕೂರುತ್ತೆ, ಚಹಾ ಕಬ್ಬಿಣನ ಹಿಡ್ಕೊಂಡು ಕೂರುತ್ತೆ, ಹೀಗಾಗಿ ಎರಡೂ ಮೈಗೆ ಸರಿಯಾಗಿ ಹತ್ತಲೇ ಇಲ್ಲ. ಡೋಸ್ ಬದಲಾಯಿಸ್ಲಿಲ್ಲ, ಟೈಮ್ ಬದಲಾಯಿಸಿದ್ರು. ಥೈರಾಕ್ಸಿನ್ ಎದ್ದ ಕೂಡ್ಲೇ ಬರೀ ನೀರಲ್ಲಿ, ಚಹಾ ತಿಂಡಿ ಅರ್ಧ ಮುಕ್ಕಾಲು ಗಂಟೆ ಬಿಟ್ಟು, ಐರನ್ ಸಂಜೆ ಸ್ಕೂಲಿಂದ ಬಂದ್ಮೇಲೆ ನಿಂಬೆ ಪಾನಕದ ಜೊತೆ, ಅದ್ರ ಹಿಂದೆ ಮುಂದೆ ಚಹಾ ಇಲ್ಲ. ಎರಡರ ನಡುವೆ ಕನಿಷ್ಠ 4 ಗಂಟೆ ಅಂತರ ಇರ್ಬೇಕು ಅನ್ನೋದು ನಿಯಮ, ಇಲ್ಲಿ ಹತ್ತು ಹನ್ನೆರಡು ಗಂಟೆನೇ ಸಿಕ್ತು. ಮುಂದಿನ ಟೆಸ್ಟ್‌ಗೆ ಟಿಎಸ್‌ಎಚ್ 3.1.

ಏನಾಯ್ತು

ಮುಟ್ಟು ಐದು ದಿನಕ್ಕೆ ಇಳೀತು. ಉದುರೋದು ನಿಂತಿದ್ದು ಇಂಥ ದಿನ ಅಂತ ಹೇಳೋಕಾಗಲ್ಲ, ಸೆಪ್ಟೆಂಬರ್ ಅಷ್ಟೊತ್ತಿಗೆ ಬಚ್ಚಲ ಜಾಲರಿ ಬಗ್ಗೆ ಮಾತಾಡೋದು ಮನೇಲಿ ತಾನಾಗೇ ಕಡಿಮೆ ಆಯ್ತಂತೆ. ಹಣೆ ಅಂಚಲ್ಲಿ ಒಂದಿಂಚು ಎರಡಿಂಚು ಕೂದ್ಲು ನೆಟ್ಟಗೆ ಎದ್ದು ನಿಂತು ಎಣ್ಣೆ ಹಚ್ಚಿದ್ರೂ ಕೂರ್ತಿರ್ಲಿಲ್ಲ, ಅದೇ ಹೊಸಾ ಕೂದ್ಲು. ಫೆರಿಟಿನ್ 40 ದಾಟೋ ತನಕ ಐರನ್ ಬಿಡ್ಬೇಡಿ ಅಂದಿದ್ರು, ಹಿಮೋಗ್ಲೋಬಿನ್ ಸರಿಹೋದ್ಮೇಲೂ ಕೆಲವು ತಿಂಗ್ಳು ತಗೊಂಡ್ರು. ಹುಬ್ಬು ಅರ್ಧ ಬಂತು.

ಬೈತಲೆ ಮಾತ್ರ ಹಂಗೇ ಇತ್ತು. ಅದು ಥೈರಾಯ್ಡ್‌ದಲ್ಲ, ಅಮ್ಮನ ಕಡೆಯಿಂದ ಬಂದಿದ್ದು, ಅದಕ್ಕೆ ಈಗ ಮಿನಾಕ್ಸಿಡಿಲ್ ಮಾತು ಮತ್ತೆ ಬಂತು. ಮೊದ್ಲು ಬಿಪಿಗೆ ಅಂತ ಬಂದ ಔಷಧ, ಮೈಮೇಲೆ ಕೂದ್ಲು ಬೆಳೆಯೋದು ನೋಡಿ ತಲೆಗೆ ಹಚ್ಚೋ ರೂಪದಲ್ಲಿ ಬಂತು, 1988ರಲ್ಲಿ ಅಮೆರಿಕದಲ್ಲಿ ಗಂಡಸ್ರ ಕೂದ್ಲಿಗೆ ಒಪ್ಪಿಗೆ ಸಿಕ್ತು. ಡಾಕ್ಟರ್ ಎಲ್ಲಾ ಬಿಚ್ಚಿ ಹೇಳಿದ್ರು: ಫಲ ಕಾಣೋಕೆ ನಾಲ್ಕರಿಂದ ಆರು ತಿಂಗ್ಳು, ಶುರುಲಿ ಸ್ವಲ್ಪ ಉದುರುತ್ತೆ, ಬಿಟ್ರೆ ಕೆಲವೇ ತಿಂಗ್ಳಲ್ಲಿ ಮೊದಲಿನ ಹಂಗೇ ಆಗುತ್ತೆ, ಹಣೆ ಮೇಲೆ ಇಳಿದ್ರೆ ಅಲ್ಲೂ ಕೂದ್ಲು ಬರುತ್ತೆ, ಬಸುರಿ ಆಗೋ ಯೋಚನೆ ಇದ್ರೆ ಬೇಡ. ಮನೇಲಿ ಬೆಕ್ಕಿದ್ರೆ ಹುಷಾರು ಅಂತನೂ ಅಂದ್ರಂತೆ, ಬೆಕ್ಕಿಗೆ ಅದು ವಿಷ, ಇದು ನನಗೂ ಹೊಸ ವಿಷಯ. ಮೇಡಂ ಎರಡು ವಾರ ಯೋಚನೆ ಮಾಡಿ 2 ಪರ್ಸೆಂಟ್ ಲೋಶನ್ ಶುರು ಮಾಡಿದ್ರು. ಉದುರ್ತು, ಈ ಸಲ ಹೆದರ್ಲಿಲ್ಲ. ಒಂದೇ ಜಾಗದಲ್ಲಿ ಒಂದೇ ಬೆಳಕಲ್ಲಿ ಮೂರು ತಿಂಗ್ಳಿಗೊಂದು ಫೋಟೋ ತೆಗೀತಾರೆ, ಆ ಫೋಟೋಗಳಲ್ಲಿ ಬೈತಲೆ ಸ್ವಲ್ಪ ಕಿರಿದಾಗಿದೆ. ಕಾಲೇಜ್ ದಿನಗಳ ಜಡೆ ಬಂದಿಲ್ಲ, ಬರುತ್ತೆ ಅಂತ ಯಾವ ಡಾಕ್ಟರೂ ಹೇಳಿರ್ಲಿಲ್ಲ.

ಇಷ್ಟೆಲ್ಲಾದ್ರ ಖರ್ಚು, ಮೂರು ಡಾಕ್ಟರ್ ಫೀಸು, ಟೆಸ್ಟುಗಳು, ಮಾತ್ರೆ ಎಲ್ಲಾ ಸೇರಿ, ಆ ಪ್ಯಾಕೇಜಿನ ಕಾಲು ಭಾಗನೂ ಆಗ್ಲಿಲ್ಲ. ಮೊದ್ಲ ಡಾಕ್ಟರ್‌ನ ಬೈಯೋಕೆ ನನಗೆ ಮನಸ್ಸಿಲ್ಲ, ಕೈಲಿ ನಾರ್ಮಲ್ ಅಂತ ರಿಪೋರ್ಟ್ ಇದ್ದಾಗ ಯಾರಾದ್ರೂ ಆ ಬಾಗ್ಲು ಮುಚ್ಚಿಬಿಡ್ತಾರೆ. ನಮ್ಮ ಲ್ಯಾಬ್‌ನಲ್ಲಿ ಒಂದು ಬದಲಾವಣೆ ಆಗಿದೆ, ಥೈರಾಯ್ಡ್‌ಗೆ ಬಂದೋರನ್ನ ಖಾಲಿ ಹೊಟ್ಟೇನಾ ಅಂತ ಕೇಳೋ ಜೊತೆಗೆ ಕೂದ್ಲಿಗೆ ಉಗುರಿಗೆ ಚರ್ಮಕ್ಕೆ ಅಂತ ಏನಾದ್ರೂ ತಿಂತೀರಾ ಅಂತನೂ ಕೇಳ್ತೀವಿ. ಮಾತ್ರೆ ತಗೊಳ್ತೀರಾ ಅಂದ್ರೆ ಇಲ್ಲ ಅನ್ನೋರೇ ಈ ಪ್ರಶ್ನೆಗೆ ಹೌದು ಅಂತಾರೆ.

ಮೇಡಂ ತಮ್ಮನಿಗೆ 26, ಎರಡೂ ಪಕ್ಕದಲ್ಲಿ ಹಣೆ ಮೇಲಕ್ಕೆ ಸರೀತಿತ್ತು. ಅಕ್ಕನಿಗೆ ಗುಣ ಆಯ್ತಲ್ಲ ಅಂತ ಅಮ್ಮ ಅಕ್ಕನ ಐರನ್ ಮಾತ್ರೆ ಸ್ಟ್ರಿಪ್‌ನೇ ಅವನಿಗೆ ಕೊಟ್ಟಿದ್ರು, ಅವ್ನು ಒಂದು ತಿಂಗ್ಳು ನುಂಗಿದ್ದ. ಅವನ ಹಿಮೋಗ್ಲೋಬಿನ್ 15, ಫೆರಿಟಿನ್ ಬೇಕಾದಷ್ಟಿತ್ತು, ಕಬ್ಬಿಣ ಬೇಡದೋರಿಗೆ ಸುಮ್ನೆ ತುಂಬಿದ್ರೆ ಮೈಯಲ್ಲೇ ಕೂಡ್ಕೊಳ್ಳುತ್ತೆ, ಹೊರಗೆ ಹಾಕೋ ದಾರಿ ದೇಹಕ್ಕಿಲ್ಲ. ಅವಂದು ಗಂಡಸ್ರ ಮಾಮೂಲಿ ವಂಶದ್ದು, ಡಿಎಚ್‌ಟಿ ಅನ್ನೋ ಹಾರ್ಮೋನಿಗೆ ಬುಡಗಳು ಸಣ್ಣಗಾಗ್ತಾ ಹೋಗೋದು. ಅದಕ್ಕೆ ಫಿನಾಸ್ಟರೈಡ್ 1 ಮಿಲಿಗ್ರಾಂ ಅಂತ ಬೇರೆನೇ ಮಾತ್ರೆ ಇದೆ, ಕೆಲವರಿಗೆ ಲೈಂಗಿಕ ಆಸಕ್ತಿ ಕಡಿಮೆ ಆಗೋ ಅಡ್ಡ ಪರಿಣಾಮ ಇರುತ್ತೆ, ಆ ಮಾತನ್ನ ಅಮ್ಮನ ಮುಂದೆ ಆಡೋಕಾಗಲ್ಲ ಅಂತ ಅವ್ನು ಎರಡನೇ ಸಲ ಒಬ್ನೇ ಹೋಗಿ ಬಂದ. ತಗೊಳ್ಳೋದಾ ಬೇಡ್ವಾ ಅಂತ ಇನ್ನೂ ತೀರ್ಮಾನ ಮಾಡಿಲ್ಲ, ಐರನ್ ಸ್ಟ್ರಿಪ್ ಮಾತ್ರ ಅಕ್ಕನಿಗೆ ವಾಪಸ್ ಕೊಟ್ಟಿದಾನೆ.